ಎರಡು ಸ್ಟೆಂಟಿನ ನಡುವೆ

1997ರ ಅಕ್ಟೋಬರಿನಲ್ಲಿ ಬೊಂಬಾಯಿಯಿಂದ ವಿಮಾನ ಹತ್ತಿ ದೋಹಾಕ್ಕೆ ಬಂದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಇಳಿದುಕೊಂಡದ್ದು ಬಿನ್ ಮಹಮೂದಿನ ಒಂದು ಹಳೆಯ ವಿಲ್ಲಾದಲ್ಲಿ. ಯಾವುದೋ ಕಾಲಕ್ಕೆ ಒಂದೇ ಕುಟುಂಬಕ್ಕೆಂದು ಕಟ್ಟಿಸಿದ ಮನೆ. ನಾವು ಬರುವ ಹೊತ್ತಿಗೆ ಹಜಾರಕ್ಕೆಲ್ಲ ಪ್ಲೈವುಡ್ ಅಡ್ಡಗೋಡೆ ಬಿದ್ದು ಎಂಟು ರೂಮು ಆಗಿತ್ತು. ನಮ್ಮ ರೂಮಿನಲ್ಲಿ ಆರು ಜನ, ಮೂರು ಅಟ್ಟದ ಮಂಚ, ಕಿಟಕಿಗೆ ಒಂದು ಎಸಿ. ಹೆಸರು ಹಿಡಿದು ಕರೆಯುವುದು ಕಡಿಮೆ. ಪುತ್ತೂರು, ಕಾಸರಗೋಡು, ಸುಳ್ಯ, ಹೀಗೆ ಊರೇ ಹೆಸರು. ನಾನು ಬ್ರಹ್ಮಾವರ.

ಒಂದು ಟ್ರೇಡಿಂಗ್ ಕಂಪನಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಕಂಪನಿಯ ವ್ಯಾನು ಬಾಗಿಲಿಗೇ ಬರುತ್ತಿತ್ತು, ರಾತ್ರಿ ಬಾಗಿಲಿಗೇ ತಂದು ಬಿಡುತ್ತಿತ್ತು. ದಿನಕ್ಕೆ ಐನೂರು ಹೆಜ್ಜೆ ನಡೆದಿದ್ದರೆ ಹೆಚ್ಚು. ಬೆಳಿಗ್ಗೆ ಪರೋಟ, ಜೊತೆಗೆ ಡಬ್ಬದ ಹಾಲು, ಸಕ್ಕರೆ ಹಾಕಿ ಕುದಿಸಿದ ಕರಕ್ ಚಹಾ. ಹಗಲಿಗೆ ಅದೇ ಚಹಾ ಮತ್ತೆ ನಾಲ್ಕು ಸಲ. ರಾತ್ರಿ ಸರದಿಯ ಅಡುಗೆ. ಕುಚ್ಚಲಕ್ಕಿ ಅನ್ನ, ಕಾಯಿಸಿದ ಮೀನು, ಊರಿಂದ ಬಂದ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಹಪ್ಪಳ. ತರಕಾರಿ ಎಂದರೆ ನೀರುಳ್ಳಿ, ಟೊಮೆಟೊ. ಊಟವಾದ ಮೇಲೆ ಮೆಟ್ಟಿಲಲ್ಲಿ ಕೂತು ಸಿಗರೇಟು, ಒಂದು ಗಂಟೆಯವರೆಗೆ ಮಾತು. ಬೆಳಿಗ್ಗೆ ಐದೂವರೆಗೆ ಏಳಬೇಕು.

ನಮ್ಮಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ, ಅಂದರೆ ಹಾಗೆಂದು ನಂಬಿದ್ದೆವು. ವೀಸಾ ಮೆಡಿಕಲ್ ಪಾಸಾಗಿದೆಯಲ್ಲ ಎಂಬುದು ಆ ನಂಬಿಕೆಗೆ ಆಧಾರ. ಆ ಪರೀಕ್ಷೆ ನಡೆಯುವುದು ಕ್ಷಯ, ಎಚ್‌ಐವಿ, ಹೆಪಟೈಟಿಸ್‌ನಂಥ ಅಂಟುರೋಗಗಳನ್ನು ಹುಡುಕುವುದಕ್ಕೆ. ಕೊಲೆಸ್ಟ್ರಾಲ್ ಎಷ್ಟಿದೆ, ಅಪ್ಪ ಯಾವ ವಯಸ್ಸಿಗೆ ತೀರಿಕೊಂಡರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾವೂ ಆ ಕಾಗದವನ್ನು ಇಡೀ ದೇಹಕ್ಕೆ ಸಿಕ್ಕ ಸರ್ಟಿಫಿಕೇಟು ಎಂದುಕೊಂಡು ಟ್ರಂಕಿನಲ್ಲಿಟ್ಟೆವು.

ಪುತ್ತೂರಿನವರು ಹೋದದ್ದು 2004ರಲ್ಲಿ. ವಯಸ್ಸು ನಲವತ್ತೊಂದು. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಎದೆ ಹಿಡಿದ ಹಾಗೆ ಆಗುತ್ತದೆ ಎಂದರು. ಬನಿಯನ್ನು ಬೆವರಿಗೆ ಒದ್ದೆಯಾಗಿತ್ತು, ಎಸಿ ಓಡುತ್ತಿದ್ದರೂ. "ಗ್ಯಾಸ್ ಮಾರಾಯ್ರೆ, ರಾತ್ರಿ ಬಿರಿಯಾನಿ ಜಾಸ್ತಿಯಾಯ್ತು" ಎಂದು ಹೇಳಿದವನು ನಾನೇ. ಈನೋ ಕದಡಿ ಕೊಟ್ಟೆವು. ಶುಂಠಿ ಜಜ್ಜಿ ಕೊಟ್ಟೆವು. ಬೆನ್ನಿಗೆ ಅಮೃತಾಂಜನ ಉಜ್ಜಿದೆವು. ಹಮದ್ ಆಸ್ಪತ್ರೆ ನಮ್ಮ ವಿಲ್ಲಾದಿಂದ ಕಾರಿನಲ್ಲಿ ಕೆಲವೇ ನಿಮಿಷದ ದಾರಿ. 999ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರುತ್ತದೆ ಎಂಬುದೂ ಗೊತ್ತಿತ್ತು. ಅವರೇ ಬೇಡವೆಂದರು. ಕಂಪನಿಗೆ ಗೊತ್ತಾದರೆ ಊರಿಗೆ ಕಳಿಸುತ್ತಾರೆ ಎಂಬ ಹೆದರಿಕೆ ಅವರಿಗಿತ್ತು, ನಮಗೂ ಇತ್ತು. ನಾಲ್ಕೂವರೆಗೆ, ಬಾಂಗ್ ಕೂಗುವ ಹೊತ್ತಿಗೆ, ಮುಗಿದಿತ್ತು.

ಅವರ ಟ್ರಂಕು ತೆಗೆದಾಗ ಅಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಸಿಕ್ಕಿತು. ಪುತ್ತೂರಿನ ಅಂಗಡಿಯ ಚೀಟಿ, ಅರ್ಧ ಖಾಲಿಯಾದ ಪಟ್ಟಿಗಳು, ಅವಧಿ ಮುಗಿದು ಒಂದು ವರ್ಷ ದಾಟಿತ್ತು. ಏಳು ವರ್ಷ ಒಂದೇ ರೂಮಿನಲ್ಲಿ ಮಲಗಿದವರಿಗೆ ಅವರಿಗೆ ಶುಗರ್ ಇದ್ದದ್ದು ಗೊತ್ತಿರಲಿಲ್ಲ. ಮಂಗಳೂರಿಗೆ ಆಗ ಗಲ್ಫಿನಿಂದ ನೇರ ವಿಮಾನ ಇರಲಿಲ್ಲ. ಪೆಟ್ಟಿಗೆ ಕರಿಪ್ಪೂರಿಗೆ ಹೋಯಿತು, ಅಲ್ಲಿಂದ ರಸ್ತೆಯಲ್ಲಿ ಪುತ್ತೂರಿಗೆ.

ಆ ವರ್ಷವೇ ಲಾನ್ಸೆಟ್ ಪತ್ರಿಕೆಯಲ್ಲಿ ಇಂಟರ್‌ಹಾರ್ಟ್ ಎಂಬ ಅಧ್ಯಯನ ಅಚ್ಚಾಗಿತ್ತು. ನಾನು ಅದರ ಬಗ್ಗೆ ಓದಿದ್ದು ಹತ್ತು ವರ್ಷ ತಡವಾಗಿ. 52 ದೇಶಗಳಲ್ಲಿ ಹೃದಯಾಘಾತವಾದವರನ್ನೂ ಆಗದವರನ್ನೂ ಹೋಲಿಸಿ ನೋಡಿದ ಆ ಕೆಲಸದ ಮುಂದಾಳು ಸಲೀಂ ಯೂಸುಫ್, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಒಂಬತ್ತು ಸಂಗತಿಗಳು ಸೇರಿದರೆ ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೆ ಲೆಕ್ಕ ಸಿಗುತ್ತದೆ ಎಂದು ಅವರು ತೋರಿಸಿದರು: ತಂಬಾಕು, ಕೆಟ್ಟ ಕೊಬ್ಬು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಮದ್ಯದ ರೂಢಿ ಇದೆಯೋ ಇಲ್ಲವೋ ಎಂಬುದು. ಅದೇ ಅಧ್ಯಯನದ ಇನ್ನೊಂದು ವರದಿ 2007ರಲ್ಲಿ ಬಂತು. ನಮ್ಮ ಕಡೆಯವರಿಗೆ, ಅಂದರೆ ಭಾರತ ಮತ್ತು ಸುತ್ತಲಿನ ದೇಶದವರಿಗೆ, ಮೊದಲ ಆಘಾತ ಸರಾಸರಿ 53ರಲ್ಲಿ, ಉಳಿದವರಿಗೆ 59ರಲ್ಲಿ. ಓದಿದ ದಿನ ಪುತ್ತೂರಿನವರ ಲೆಕ್ಕ ಹಾಕಿದೆ. ನನಗೆ ತಿಳಿದಷ್ಟರಲ್ಲೇ ಒಂಬತ್ತರಲ್ಲಿ ಆರು ಇತ್ತು. ಅವರ ಸಾವನ್ನು ನಾವು ಹಣೆಬರಹ ಎಂದಿದ್ದೆವು. ಆ ಮಾತನ್ನು ನಾನು ಈಗ ಒಪ್ಪುವುದಿಲ್ಲ.

ಅವರು ಹೋದ ಮೇಲೆ ರೂಮಿನಲ್ಲಿ ಒಂದು ತಿಂಗಳು ಯಾರೂ ಸಿಗರೇಟು ಸೇದಲಿಲ್ಲ. ಎರಡನೆಯ ತಿಂಗಳು ಎಲ್ಲರೂ ಸೇದಿದೆವು.

ನನ್ನ ಸರದಿ ಬಂದದ್ದು 2013ರ ಮಾರ್ಚಿನಲ್ಲಿ, ನಲವತ್ತೈದಕ್ಕೆ. ಎದೆ ನೋವಲ್ಲ, ಕೆಳದವಡೆ ಸೆಳೆತ, ಎಡಗೈ ಭಾರ, ಕಾರಣವಿಲ್ಲದ ಬೆವರು. ಹಲ್ಲುನೋವು ಎಂದು ಲವಂಗ ಕಚ್ಚಿಕೊಂಡು ಕೂತಿದ್ದೆ. ಕಾಸರಗೋಡಿನವರು ಮುಖ ನೋಡಿದವರೇ ಫೋನು ಎತ್ತಿ 999 ಒತ್ತಿದರು. ಗ್ಯಾಸ್ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹಮದ್‌ನ ಆವರಣದಲ್ಲಿ ಹೃದಯಕ್ಕೆಂದೇ ಬೇರೆ ಆಸ್ಪತ್ರೆ, ಹಾರ್ಟ್ ಹಾಸ್ಪಿಟಲ್, 2011ರಲ್ಲಿ ಶುರುವಾಗಿತ್ತು. ಅಲ್ಲಿ ಕೈಯ ಮಣಿಕಟ್ಟಿನ ರಕ್ತನಾಳದಿಂದ ತಂತಿ ಹಾಯಿಸಿ ಮುಚ್ಚಿದ್ದ ನಾಳ ತೆರೆದು ಸ್ಟೆಂಟು ಇಟ್ಟರು. ಬೆಳಗಿನ ಹೊತ್ತಿಗೆ ನೋವು ಪೂರ್ತಿ ಹೋಗಿತ್ತು.

ಬಿಡುಗಡೆಯ ದಿನ ಐದು ಮಾತ್ರೆ ಕೊಟ್ಟರು. ರಕ್ತ ಹೆಪ್ಪುಗಟ್ಟದ ಹಾಗೆ ಎರಡು, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್; ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್; ಹೃದಯದ ಬಡಿತಕ್ಕೂ ಬಿಪಿಗೂ ಒಂದೊಂದು. ಕೇರಳದ ನರ್ಸ್ ಒಬ್ಬರು ಒಂದೊಂದನ್ನೂ ಅಂಗೈ ಮೇಲಿಟ್ಟು ತೋರಿಸಿ ಕೊನೆಗೆ ಹೇಳಿದರು: "ಚೇಟ್ಟಾ, ಮರುನ್ನ್ ಮುಡಕ್ಕರುದ್." ಕಾಸರಗೋಡಿನವರು ಪಕ್ಕದಲ್ಲಿದ್ದರು. "ಮದ್ದು ತಪ್ಪಿಸ್ಬಾರ್ದಂತೆ, ಬ್ರಹ್ಮಾವರ" ಎಂದರು. ತಲೆಯಾಡಿಸಿದೆ.

ತಪ್ಪಿಸಿದೆ. ಹೇಗೆ ತಪ್ಪಿಸಿದೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸ್ಟೆಂಟ್ ಹಾಕಿಸಿಕೊಂಡ ಮುಕ್ಕಾಲು ಪಾಲು ಪರಿಚಿತರು ಇದೇ ದಾರಿಯಲ್ಲಿ ಹೋದದ್ದನ್ನು ಕಂಡಿದ್ದೇನೆ.

ಮೊದಲನೆಯದು, ನೋವಿರಲಿಲ್ಲ. ನೋವಿಲ್ಲದವನು ರೋಗಿಯಲ್ಲ ಎಂಬುದು ನಮ್ಮ ಮನೆಗಳಲ್ಲಿ ಕಲಿತ ಪಾಠ. ಆಸ್ಪತ್ರೆಗೆ ತೋರಿಸಲು ಹೋಗಬೇಕಾದ ದಿನ ಕಂಪನಿಯಲ್ಲಿ ಅರ್ಧ ದಿನದ ರಜೆ ಕೇಳಿದರೆ ಮುಖ ಗಂಟಿಕ್ಕುತ್ತಿದ್ದರು. ಎರಡು ತಾರೀಕು ಬಿಟ್ಟೆ. ಏಳನೆಯ ತಿಂಗಳು ಊರಿಗೆ ಹೋದೆ. ಅಲ್ಲಿ ಸೋದರಮಾವ ಕೈಯಲ್ಲಿದ್ದ ಮಾತ್ರೆಯ ರಾಶಿ ನೋಡಿ, "ಇಷ್ಟೆಲ್ಲ ತಿಂದ್ರೆ ಲಿವರ್ ಉಳೀತದಾ ಮಗಾ? ಕೊಲೆಸ್ಟ್ರಾಲಿಂದು ಬಿಡು, ಬೆಳ್ಳುಳ್ಳಿ ಕಷಾಯ ಕುಡಿ" ಎಂದರು. ದೋಹಾದ ವರದಿಯನ್ನು ಮನೆಯಲ್ಲಿ ಎಲ್ಲರೂ ನೋಡಿದರು. ಕೆಟ್ಟ ಕೊಲೆಸ್ಟ್ರಾಲು ಅಂದರೆ ಎಲ್‌ಡಿಎಲ್ 2.9 ಎಂದಿತ್ತು. ನೆರೆಮನೆಯವರದ್ದು 140, ನಿನ್ನದು ಮೂರೂ ಇಲ್ಲವಲ್ಲ, ಎಂದು ತೀರ್ಮಾನವಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕತಾರಿನ ಪ್ರಯೋಗಾಲಯಗಳು ಕೊಲೆಸ್ಟ್ರಾಲನ್ನು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತವೆ, ನಮ್ಮ ಊರಿನವು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಅಲ್ಲಿಯದನ್ನು ಇಲ್ಲಿಯದಕ್ಕೆ ತರಲು 38.67ರಿಂದ ಗುಣಿಸಬೇಕು. ಹಾಗಾಗಿ 2.9 ಎಂದರೆ 112. ಸಕ್ಕರೆಗೆ 18ರಿಂದ ಗುಣಿಸಬೇಕು. ಬರಿಹೊಟ್ಟೆಯ 7 ಎಂದರೆ 126, ಅಂದರೆ ಸಕ್ಕರೆ ಕಾಯಿಲೆಯ ಗಡಿ. ಹದಿನಾರು ವರ್ಷ ರಿಯಾಲನ್ನು ರೂಪಾಯಿಗೆ ಬದಲಿಸಿ ಲೆಕ್ಕ ಬರೆದ ನಾನು ಇದೊಂದನ್ನು ಬದಲಿಸಿ ನೋಡಲಿಲ್ಲ. ಗಲ್ಫಿನ ವರದಿ ಹಿಡಿದು ಊರಿಗೆ ಹೋಗುವ ಪ್ರತಿಯೊಬ್ಬರೂ ಈ ಎರಡು ಅಂಕಿಗಳನ್ನು ಅದರ ಬೆನ್ನಿಗೇ ಬರೆದುಕೊಳ್ಳಬೇಕು.

ಕೊಲೆಸ್ಟ್ರಾಲಿನ ಮಾತ್ರೆ, ಅಂದರೆ ಸ್ಟಾಟಿನ್, ಬಿಟ್ಟೆ. ಬಿಪಿಯ ಮಾತ್ರೆ ನೆನಪಾದ ದಿನ. ರಕ್ತ ತೆಳುವಾಗಿಸುವುದನ್ನು ಮಾತ್ರ ಹೆದರಿಕೆಯಿಂದ ಬಿಡಲಿಲ್ಲ. ದಿನಕ್ಕೆ ಮೂರೇ ಸಿಗರೇಟು ಎಂದು ಶುರುವಾದದ್ದು ಆರಾಯಿತು. ಆಸ್ಪತ್ರೆಯವರು ಹೇಳಿಕೊಟ್ಟ ನಡಿಗೆ ಮೇ ತಿಂಗಳ ಬಿಸಿಲಿಗೆ ನಿಂತಿತು. 2014ರ ಜುಲೈನಲ್ಲಿ ಮತ್ತೆ ಅದೇ ಆಸ್ಪತ್ರೆ, ಅದೇ ಮೇಜು. ಎಲ್‌ಡಿಎಲ್ 4.1, ನಮ್ಮ ಲೆಕ್ಕದಲ್ಲಿ 159.

ಪರದೆಯ ಮೇಲೆ ವೈದ್ಯರು ತೋರಿಸಿದ್ದನ್ನು ಮರೆಯಲಾರೆ. ಮೊದಲ ಸ್ಟೆಂಟು ಚೆನ್ನಾಗಿಯೇ ಇತ್ತು, ಅದರೊಳಗೆ ರಕ್ತ ಸರಾಗ ಹರಿಯುತ್ತಿತ್ತು. ಈ ಸಲ ಮುಚ್ಚಿಕೊಂಡದ್ದು ಬೇರೆ ನಾಳ. ಸ್ಟೆಂಟು ಒಂದೂವರೆ ಇಂಚಿನೊಳಗಿನ ಜಾಗಕ್ಕೆ ಔಷಧ. ರೋಗ ಇರುವುದು ಎಲ್ಲ ನಾಳಗಳ ಗೋಡೆಯಲ್ಲಿ. ಆಘಾತದ ಹೊತ್ತಿಗೆ ಸ್ಟೆಂಟು ಜೀವ ಉಳಿಸುತ್ತದೆ, ನನ್ನದನ್ನು ಎರಡು ಸಲ ಉಳಿಸಿದೆ. ಆದರೆ ಆಘಾತವಿಲ್ಲದೆ ನಡೆದಾಗ ಎದೆ ಹಿಡಿಯುವಂಥ ರೋಗಿಗಳಲ್ಲಿ ಅದು ಏನು ಮಾಡುತ್ತದೆ ಎಂದು ನೋಡಿದ ಕರೇಜ್ ಎಂಬ ಪ್ರಯೋಗದ ಫಲಿತಾಂಶ 2007ರಲ್ಲಿ ಬಂದಿತ್ತು. 2,287 ಜನ. ಒಳ್ಳೆಯ ಮದ್ದು, ಬದಲಾದ ಬದುಕಿನ ರೀತಿ ಎರಡೂ ಇದ್ದವರಿಗೆ ಅದರ ಮೇಲೆ ಸ್ಟೆಂಟು ಹಾಕಿದ್ದರಿಂದ ಸಾವಾಗಲಿ ಆಘಾತವಾಗಲಿ ಕಡಿಮೆಯಾಗಲಿಲ್ಲ. ಇದು ನನಗೆ 2013ರಲ್ಲೇ ತಿಳಿದಿದ್ದರೆ ಎನ್ನುವುದರಲ್ಲಿ ಅರ್ಥವಿಲ್ಲ. ನರ್ಸ್ ಹೇಳಿದ್ದು ಅದನ್ನೇ, ಮೂರು ಶಬ್ದದಲ್ಲಿ.

ಅಲ್ಲಿಂದೀಚೆಗೆ ಹನ್ನೊಂದು ವರ್ಷ. ಈ ಹನ್ನೊಂದು ವರ್ಷದ ಕೆಲಸ ಬೇಸರದ ಕೆಲಸ, ಅದನ್ನು ಹಾಗೆಯೇ ಹೇಳುತ್ತೇನೆ.

ಸಿಗರೇಟು ಮೊದಲು. ಹಮದ್‌ನ ತಂಬಾಕು ಬಿಡಿಸುವ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದೆ. ನಿಕೋಟಿನ್ ಪಟ್ಟಿ ಅಂಟಿಸಿಕೊಂಡು, ರಾತ್ರಿ ಮೆಟ್ಟಿಲಿಗೆ ಹೋಗುವುದನ್ನೇ ನಿಲ್ಲಿಸಿ, ಮೂರನೆಯ ಪ್ರಯತ್ನದಲ್ಲಿ ಬಿಟ್ಟೆ. ಹೃದ್ರೋಗ ಬಂದ ಮೇಲೆ ಬಿಟ್ಟರೂ ಸಾವಿನ ಅಪಾಯ ಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2003ರಲ್ಲಿ ಲೆಕ್ಕ ಹಾಕಿದ್ದಾರೆ. ಸ್ಟಾಟಿನ್ ಸೇರಿ ನಾನು ನುಂಗುವ ಯಾವ ಮಾತ್ರೆಯೂ ಒಂಟಿಯಾಗಿ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ. 2019ರ ಜನವರಿಯಿಂದ ಕತಾರ್ ಸರ್ಕಾರ ತಂಬಾಕಿಗೂ ಎನರ್ಜಿ ಡ್ರಿಂಕಿಗೂ ನೂರಕ್ಕೆ ನೂರು, ಸೋಡಾ ಪಾನೀಯಗಳಿಗೆ ಐವತ್ತು ತೆರಿಗೆ ಹಾಕಿತು. ಒಳ್ಳೆಯ ಕೆಲಸ. ನಮ್ಮ ಪೈಕಿ ಇಬ್ಬರು ಆ ಬೆಲೆಗೇ ಬಿಟ್ಟರು.

ಕೊಲೆಸ್ಟ್ರಾಲಿನ ಗುರಿ ನನ್ನ ಕಣ್ಣ ಮುಂದೆಯೇ ಕೆಳಗಿಳಿಯುತ್ತ ಬಂತು. ಈ ಶತಮಾನದ ಆರಂಭದಲ್ಲಿ ಹೃದ್ರೋಗಿಗೆ ಎಲ್‌ಡಿಎಲ್ 100ರ ಒಳಗಿದ್ದರೆ ಸಾಕೆನ್ನುತ್ತಿದ್ದರು. ಆಮೇಲೆ 70 ಎಂದರು. 2019ರಲ್ಲಿ ಯೂರೋಪಿನ ಹೃದ್ರೋಗ ತಜ್ಞರ ಸಂಘ 55ಕ್ಕಿಂತ ಕೆಳಗೆ ಎಂದಿತು. ಕತಾರಿನ ಲೆಕ್ಕದಲ್ಲಿ 1.4. ಸ್ಟಾಟಿನ್ ಒಂದರಿಂದ ನನಗೆ ಅದು ಸಿಗಲಿಲ್ಲ, ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಲಿವರ್ ಬಗ್ಗೆ ಮಾವ ಹೆದರಿದ್ದು ಸುಳ್ಳಾಯಿತು. ಹನ್ನೊಂದು ವರ್ಷದ ಪರೀಕ್ಷೆಗಳಲ್ಲಿ ಒಮ್ಮೆಯೂ ಏರುಪೇರು ಇಲ್ಲ. ಮೀನಖಂಡ ನೋವು ಬಂದದ್ದು ನಿಜ. ಹೇಳಿದೆ, ವೈದ್ಯರು ಮಾತ್ರೆಯ ಬಗೆ ಬದಲಿಸಿದರು, ಹೋಯಿತು. ತೊಂದರೆಯಾದರೆ ಮಾತ್ರೆ ಬಿಡುವುದಲ್ಲ, ಬದಲಿಸಿ ಎಂದು ಕೇಳುವುದು. ಇಷ್ಟು ಸಣ್ಣ ವಿಷಯ ಕಲಿಯಲು ಒಂದು ಆಘಾತ ಬೇಕಾಯಿತು.

ಅಡುಗೆಮನೆಯಲ್ಲಿ ಕಷ್ಟದ್ದು ಎಣ್ಣೆಯಲ್ಲ, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಂ ಎನ್ನುತ್ತದೆ, ಒಂದು ಟೀ ಚಮಚ. ಗಂಜಿಯ ಜೊತೆ ಒಂದು ಎಸಳು ಮಾವಿನ ಉಪ್ಪಿನಕಾಯಿ, ಎರಡು ತುಂಡು ಒಣಮೀನು, ಒಂದು ಹಪ್ಪಳ ಇಟ್ಟರೆ ಇಡೀ ದಿನದ್ದು ಬೆಳಿಗ್ಗೆಗೇ ಮುಗಿಯುತ್ತದೆ. ಕರಾವಳಿಯವನಿಗೆ ಇದನ್ನು ಬಿಡು ಎನ್ನುವುದು ಸುಲಭವಲ್ಲ, ನಾನು ಪೂರ್ತಿ ಬಿಟ್ಟಿಲ್ಲ. ಉಪ್ಪಿನಕಾಯಿ ಶುಕ್ರವಾರ ಮಾತ್ರ. ಮೀನು ಕಾಯಿಸುವುದಿಲ್ಲ, ಗಸಿ ಮಾಡುತ್ತೇವೆ, ತೆಂಗಿನಕಾಯಿ ಅರ್ಧಕ್ಕಿಳಿದಿದೆ. ಪರೋಟದ ಬದಲು ಖುಬ್ಬೂಸ್, ಅದೂ ಒಂದು. ಸೌತೆ, ಬದನೆ, ಬೆಂಡೆ ದಿನವೂ ಇದೆ. ಸೊಂಟದ ಸುತ್ತಳತೆ 102 ಸೆಂಟಿಮೀಟರ್ ಇತ್ತು, ಈಗ 91. ನಮ್ಮ ಗಂಡಸರಿಗೆ ಹೇಳುವ ಮಿತಿ 90, ಹೆಂಗಸರಿಗೆ 80.

ರೂಮಿಗೆ ಬಿಪಿ ಮಿಷನ್ ತಂದದ್ದು ನನಗಾಗಿ. ಮೊದಲ ದಿನವೇ ಕಾಸರಗೋಡಿನವರು ತೋಳು ಒಡ್ಡಿದರು, 168ಕ್ಕೆ 100. ಏನೂ ಆಗುತ್ತಿರಲಿಲ್ಲ ಅವರಿಗೆ, ತಲೆನೋವೂ ಇಲ್ಲ. ಅವರು ರಂಜಾನ್ ಉಪವಾಸ ತಪ್ಪಿಸುವವರಲ್ಲ. ಮಾತ್ರೆ ಶುರುವಾದ ವರ್ಷ, ತಿಂಗಳಿಗೆ ಮೊದಲೇ ವೈದ್ಯರ ಹತ್ತಿರ ಹೋಗಿ ಯಾವುದು ಇಫ್ತಾರಿಗೆ, ಯಾವುದು ಸಹರಿಗೆ ಎಂದು ಬರೆಸಿಕೊಂಡು ಬಂದು ಗೋಡೆಗೆ ಅಂಟಿಸಿದರು. ಅವತ್ತಿನಿಂದ ಪ್ರತಿ ವರ್ಷ ಹಾಗೆಯೇ. ಪ್ರತಿ ಚಳಿಗಾಲಕ್ಕೆ ಮೊದಲು ಇಬ್ಬರೂ ಹೋಗಿ ಇಲ್ಲಿ ಪುಕ್ಕಟೆ ಕೊಡುವ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇವೆ. ಶೀತಜ್ವರವೂ ಹೃದಯದ ಮೇಲೆ ಬೀಳುತ್ತದೆ ಎಂಬುದನ್ನು ನಮ್ಮಲ್ಲಿ ಕಡಿಮೆ ಜನ ಬಲ್ಲರು.

ಆ ವಿಲ್ಲಾ ಈಗ ಇಲ್ಲ. ಕುಟುಂಬಗಳ ಬಡಾವಣೆಯಲ್ಲಿ ಕಾರ್ಮಿಕರನ್ನು ಗುಂಪಾಗಿ ಇರಿಸಬಾರದು ಎಂಬ ಕಾನೂನು 2010ರಲ್ಲಿ ಬಂದ ಮೇಲೆ ಅಂಥ ಎಷ್ಟೋ ಮನೆಗಳು ಖಾಲಿಯಾದವು, ನಮ್ಮದನ್ನು ಕೆಡವಿ ಫ್ಲ್ಯಾಟು ಎಬ್ಬಿಸಿದರು. ನಾನೂ ಕಾಸರಗೋಡಿನವರೂ ಎರಡು ಬೀದಿ ಆಚೆ ಒಂದು ಸಣ್ಣ ಫ್ಲ್ಯಾಟಿನಲ್ಲಿದ್ದೇವೆ. 2019ರ ನವೆಂಬರಿನಲ್ಲಿ ಮೆಟ್ರೋದ ಗೋಲ್ಡ್ ಲೈನ್ ಶುರುವಾಗಿ ಬಿನ್ ಮಹಮೂದಿಗೆ ನಿಲ್ದಾಣ ಬಂತು. ನನ್ನ ಮಟ್ಟಿಗೆ ಅದೊಂದು ಆರೋಗ್ಯ ಕೇಂದ್ರ: ಮನೆಯಿಂದ ನಿಲ್ದಾಣಕ್ಕೆ ಹನ್ನೆರಡು ನಿಮಿಷ, ಆಚೆ ಇಳಿದು ಆಫೀಸಿಗೆ ಒಂಬತ್ತು. ಹೋಗಿಬರಲು ನಲವತ್ತೆರಡು ನಿಮಿಷದ ನಡಿಗೆ, ವಾರಕ್ಕೆ ಐದು ದಿನ. ವೈದ್ಯರು ಕೇಳುವುದು ವಾರಕ್ಕೆ 150 ನಿಮಿಷ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಿನ ಜಾವ ನಾಲ್ಕೂವರೆಗೆ, ಇಲ್ಲವೇ ಮಾಲಿನೊಳಗೆ.

ಈಗಿನ ಹುಡುಗರನ್ನು ನೋಡುತ್ತೇನೆ. ರೂಮು ಪ್ಲೈವುಡ್ಡಿನದ್ದಲ್ಲ, ಎಸಿಗೆ ಸದ್ದಿಲ್ಲ, ಊರಿನ ಜೊತೆ ದಿನವೂ ವಿಡಿಯೋ ಕಾಲು. ಆದರೆ ಬೈಕಿನಲ್ಲಿ ಊಟ ಹಂಚುವ ಇಪ್ಪತ್ತೇಳರ ಹುಡುಗ ರಾತ್ರಿ ಒಂದು ಗಂಟೆಗೆ ಕರಕ್ ಅಂಗಡಿಯ ಮುಂದೆ ಸಿಗರೇಟು ಹಚ್ಚಿ ನಿಂತಿರುತ್ತಾನೆ, ಊರಿನ ಸಾಲದ ಕಂತು ಅವನ ತಲೆಯಲ್ಲಿರುತ್ತದೆ. ಒಂಬತ್ತರಲ್ಲಿ ಎಷ್ಟು ಎಂದು ನಾನು ಎಣಿಸುತ್ತೇನೆ, ಅಭ್ಯಾಸವಾಗಿಬಿಟ್ಟಿದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪುಗಳು ಒಂದು ವಾರ ಬೇರೆ ಮಾತಾಡಲಿಲ್ಲ. ಇಸಿಜಿ ಎಲ್ಲಿ ಮಾಡಿಸುವುದು ಎಂದು ನನಗೇ ಹತ್ತಾರು ಫೋನು ಬಂತು. 2025ರಲ್ಲಿ ಹಾಸನ ಜಿಲ್ಲೆಯ ಸಾಲು ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಹಾಗೆಯೇ. ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತ ಚಿತ್ರಗಳು. ಸರ್ಕಾರ ನೇಮಿಸಿದ ತಜ್ಞರು ನೋಡಿದಾಗ ತೀರಿಕೊಂಡವರಲ್ಲಿ ಅನೇಕರಿಗೆ ಬಿಪಿ, ಶುಗರ್, ಧೂಮಪಾನದಂಥ ಹಳೆಯ ಕಾರಣಗಳೇ ಕಂಡವು. ಹೆದರಿಕೆ ಜನರನ್ನು ಆಸ್ಪತ್ರೆಗೆ ಒಂದು ಸಲ ಕರೆದೊಯ್ಯುತ್ತದೆ. ಈ ರೋಗಕ್ಕೆ ಬೇಕಾದದ್ದು ಇಪ್ಪತ್ತನೆಯ ಸಲ ಹೋಗುವುದು, ಅಲ್ಲಿಗೆ ಹೆದರಿಕೆ ಬರುವುದಿಲ್ಲ.

2017ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ಸ್ಟೆಂಟಿನ ಬೆಲೆಗೆ ಕಡಿವಾಣ ಹಾಕಿತು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಅಂದಿನಿಂದ ಊರಿನಲ್ಲೇ ಹಾಕಿಸಿಕೊಂಡು ರಜೆ ಮುಗಿಸಿ ಬರುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಮೂರು ತಿಂಗಳ ಮಾತ್ರೆ ಚೀಲದಲ್ಲಿ ಇರುತ್ತದೆ. ನಾಲ್ಕನೆಯ ತಿಂಗಳು ಇಲ್ಲಿ ಹೆಲ್ತ್ ಕಾರ್ಡು ಇರುವುದಿಲ್ಲ, ಚೀಟಿಯ ಔಷಧದ ಹೆಸರು ಇಲ್ಲಿಯ ಅಂಗಡಿಯವನಿಗೆ ತಿಳಿಯುವುದಿಲ್ಲ, ಕೇಳಲು ಸಂಕೋಚ. ನಿಲ್ಲುವುದು ಆಗ.

ನನ್ನ ಹೆಂಡತಿ ಬ್ರಹ್ಮಾವರದಲ್ಲಿದ್ದಾಳೆ, ಅವಳಿಗೆ ಶುಗರ್. ಪ್ರತಿ ಶುಕ್ರವಾರ ನನ್ನ ಬಿಪಿ ಅವಳಿಗೆ ಕಳಿಸುತ್ತೇನೆ, ಅವಳು ತನ್ನ ಸಕ್ಕರೆ ಕಳಿಸುತ್ತಾಳೆ. ಕಳಿಸದ ವಾರ ಫೋನು ಬರುತ್ತದೆ.

ನಿಮ್ಮ ರೂಮಿನಲ್ಲಿ, ನಿಮ್ಮ ಮನೆಯಲ್ಲಿ ಸ್ಟೆಂಟು ಹಾಕಿಸಿಕೊಂಡವರು ಇದ್ದಾರು. ಹೇಗಿದ್ದೀರಿ ಎಂದು ಕೇಳಬೇಡಿ, ಚೆನ್ನಾಗಿದ್ದೇನೆ ಎಂದೇ ಹೇಳುತ್ತಾರೆ. ಮಾತ್ರೆ ಇನ್ನು ಎಷ್ಟು ದಿನಕ್ಕಿದೆ ಎಂದು ಕೇಳಿ. ಇವತ್ತೇ ಕೇಳಿ.